ಕೊಟ್ಟವನು ಕೋಡಂಗಿಯಾಗಬೇಕೆ?
ಮನೆಕಂದಾಯ, ವಾರ್ಡಿನ ಮತ ಮತ್ತು ಹೊರನಾಡ ಕನ್ನಡಿಗ

“ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ” ಎಂಬ ಗಾದೆಯನ್ನು ನಮ್ಮ ಹಿರಿಯರು ಕೈಸಾಲದ ವಿಷಯದಲ್ಲಿ ಹೇಳಿದರು. ಸಾಲ ಕೊಟ್ಟವನಾದರೂ ನಾಲ್ಕು ದಿನ ಬಾಗಿಲಿಗೆ ಹೋಗಿ ನಿಂತು ಕೇಳುತ್ತಾನೆ. ಆದರೆ ವರ್ಷವರ್ಷವೂ ತಪ್ಪದೆ ಮನೆಕಂದಾಯ ಕೊಟ್ಟು, ಆ ಹಣವು ಎತ್ತ ಹೋಯಿತೆಂದು ಒಂದು ದಿನವೂ ಕೇಳದಿರುವವನಿಗೆ ಯಾವ ಗಾದೆಯನ್ನು ಹೇಳಬೇಕೋ ತಿಳಿಯದು. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಾಂಧವರಲ್ಲಿ ಬಹುಮಂದಿ ಈ ಎರಡನೆಯ ಬಗೆಯವರು ಎಂದು ಹೇಳಿದರೆ ವಾಚಕರು ಸಿಟ್ಟಾಗಬಾರದು. ಈ ಲೇಖಕನೂ ಬಹುಕಾಲ ಅದೇ ಗುಂಪಿನಲ್ಲಿದ್ದವನೇ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದೊಡನೆ ಸೋದರಮಾವನ ಹೋಟೆಲಿಗೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಪತ್ರಿಕೆಯ ಮೇಜಿಗೆ ಬಂದದ್ದು ಆಮೇಲಿನ ಮಾತು. ಹೋಟೆಲಿನವನಿಗೆ ದೊಡ್ಡ ವಿದ್ಯೆ ಇಲ್ಲದಿದ್ದರೂ ಒಂದು ವಿದ್ಯೆ ಚೆನ್ನಾಗಿ ಬರುತ್ತದೆ. ಅದು ಲೆಕ್ಕ. ಬೆಳಿಗ್ಗೆ ಬಂದ ಹಾಲು ಎಷ್ಟು, ಸಂಜೆಗೆ ಉಳಿದದ್ದೆಷ್ಟು, ತರಕಾರಿಯವನಿಗೆ ಕೊಟ್ಟದ್ದೆಷ್ಟು ಎಂದು ರಾತ್ರಿ ಹತ್ತು ಗಂಟೆಗೆ ನೋಡದೆ ಅವನು ಬೀಗ ಹಾಕುವುದಿಲ್ಲ. ಎರಡು ಲೀಟರು ಹಾಲು ಕಡಿಮೆ ಬಿದ್ದರೆ ಅಡುಗೆ ಭಟ್ಟರಿಂದ ಹಿಡಿದು ಮಾಣಿಯವರೆಗೆ ಎಲ್ಲರನ್ನೂ ಕೇಳುತ್ತಾನೆ. ಅಂಥವನು ವರ್ಷಕ್ಕೆ ಸಾವಿರಾರು ರೂಪಾಯಿಗಳನ್ನು ಪೌರಸಂಸ್ಥೆಗೆ ಕಟ್ಟಿ, ರಶೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಅಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳುವುದು ಸೋಜಿಗವಲ್ಲವೆ?

ಕಂದಾಯದ ಕಾಗದದಲ್ಲಿ ಏನಿದೆ?

ಮೊದಲು ನಾವು ಕೊಡುವುದೇನೆಂಬುದನ್ನು ತಿಳಿಯೋಣ. ಈ ನಗರದಲ್ಲಿ ಬಹುಕಾಲದಿಂದ ನಡೆದು ಬಂದಿರುವ ಆಸ್ತಿ ತೆರಿಗೆಯ ಲೆಕ್ಕವು ಬಾಡಿಗೆಯ ಮೌಲ್ಯವನ್ನು ಆಧರಿಸಿದುದು. ಕಟ್ಟಡದ ವಿಸ್ತೀರ್ಣವನ್ನು ಆ ಭಾಗಕ್ಕೆ ಗೊತ್ತುಮಾಡಿದ ಚದರಡಿಯ ದರದಿಂದ ಗುಣಿಸಿದರೆ ತಿಂಗಳ ಬಾಡಿಗೆ ಮೌಲ್ಯ ಬರುತ್ತದೆ. ವಾಸದ ಮನೆಗಳಲ್ಲಿ ಈ ತಿಂಗಳ ಮೌಲ್ಯವು 50 ರೂಪಾಯಿಯೊಳಗಿದ್ದರೆ ತೆರಿಗೆಯಿಲ್ಲ. 100 ರೂಪಾಯಿಯವರೆಗೆ ನೂರಕ್ಕೆ 17, 200ರವರೆಗೆ 19, 300ರವರೆಗೆ 22, ಅದಕ್ಕೆ ಮೇಲ್ಪಟ್ಟರೆ 30. ಅಂಗಡಿ ಹೋಟೆಲುಗಳಂತಹ ವಾಸೇತರ ಕಟ್ಟಡಗಳಿಗೆ ನೂರಕ್ಕೆ 30.

ಉದಾಹರಣೆಗೆ 800 ಚದರಡಿಯ ಒಂದು ಮನೆಯನ್ನು ತೆಗೆದುಕೊಳ್ಳಿ. ಚದರಡಿಗೆ ಒಂದು ರೂಪಾಯಿ ದರವೆಂದಿಟ್ಟುಕೊಂಡರೆ ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ. ಅದರಲ್ಲಿ ನೂರಕ್ಕೆ 30ರಂತೆ 2,880. ಕಟ್ಟಡದ ಸವಕಳಿಗಾಗಿ ನೂರಕ್ಕೆ 10ನ್ನು ಕಳೆದರೆ 2,592. ಇದರ ಮೇಲೆ ನೂರಕ್ಕೆ 8ರಂತೆ ಗ್ರಂಥಾಲಯದ ಕರವನ್ನು ಕೂಡಿಸಿದರೆ ಒಟ್ಟು ಸುಮಾರು 2,799 ರೂಪಾಯಿ. ಕಂದಾಯದ ಕಾಗದವನ್ನು ಕೈಯಲ್ಲಿ ಹಿಡಿದು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವವರು ನಮ್ಮಲ್ಲಿ ಎಷ್ಟು ಜನ? 1999ರಲ್ಲಿಯೇ ಹೈದರಾಬಾದಿನ ಪೌರಸಂಸ್ಥೆಯು ಮನೆಯವನೇ ತನ್ನ ತೆರಿಗೆಯನ್ನು ತಾನೇ ಲೆಕ್ಕಹಾಕಿ ಸಲ್ಲಿಸುವ ಪದ್ಧತಿಯನ್ನು ತಂದಿತು. ಪ್ರಜೆಗೆ ಲೆಕ್ಕ ಬರುತ್ತದೆ ಎಂದು ಸರ್ಕಾರವೇ ನಂಬಿತು. ಪ್ರಜೆಯು ಮಾತ್ರ ಇನ್ನೂ ತನ್ನನ್ನು ನಂಬಿಲ್ಲ.

ಆ ಗ್ರಂಥಾಲಯದ ಕರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ವಿಷಯವನ್ನು ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಒಂದು ಚರಂಡಿಯ ಕಥೆ

ಈಗ ನನ್ನ ಸ್ವಂತ ಅನುಭವವೊಂದನ್ನು ನಿವೇದಿಸುತ್ತೇನೆ. ಹೈದರಾಬಾದಿಗೆ ಬರುವ ಮುನ್ನ ನಾನು ಬೇರೊಂದು ಊರಿನಲ್ಲಿ ಹೋಟೆಲಿಟ್ಟಿದ್ದೆ. ಊರಿನ ಹೆಸರು ಬೇಡ, ಅಲ್ಲಿನ ಕಚೇರಿಯ ಹೆಸರೂ ಬೇಡ. ಹೋಟೆಲಿನ ಮುಂದೆ ಒಂದು ತೆರೆದ ಚರಂಡಿ. ಮಳೆ ಬಂದರೆ ಅದರ ನೀರು ಮೆಟ್ಟಿಲೇರಿ ಬಂದು ಗಿರಾಕಿಗಳ ಕಾಲಡಿಯಲ್ಲಿ ನಿಲ್ಲುತ್ತಿತ್ತು. ಒಂದು ಮಳೆಗಾಲದಲ್ಲಿ ನನ್ನ ಹೋಟೆಲಿನ ಮಾಣಿ ಹುಡುಗನೊಬ್ಬ ಟೈಫಾಯಿಡು ಬಂದು ಇಪ್ಪತ್ತು ದಿನ ಮಲಗಿದ. ಅವನು ನಮ್ಮೂರಿನ ಕಡೆಯವನು. ಅವನನ್ನು ನನ್ನ ಕೈಗೆ ಒಪ್ಪಿಸಿ ಕಳುಹಿಸಿದ್ದ ತಾಯಿಗೆ ಏನೆಂದು ಉತ್ತರ ಹೇಳುವುದೆಂಬ ಚಿಂತೆಯಲ್ಲಿ ಆ ಇಪ್ಪತ್ತು ರಾತ್ರಿಗಳನ್ನು ಕಳೆದೆ. ದೇವರ ದಯದಿಂದ ಹುಡುಗ ಎದ್ದು ಕುಳಿತ.

ಆ ಮೇಲೆ ನಮ್ಮ ಬೀದಿಯ ಹನ್ನೆರಡು ಅಂಗಡಿಗಳವರು ಒಂದು ಸಂಜೆ ಹೋಟೆಲಿನಲ್ಲಿ ಸೇರಿದೆವು. ಎಲ್ಲರ ಕಂದಾಯದ ರಶೀದಿಗಳನ್ನೂ ಮೇಜಿನ ಮೇಲೆ ಇಟ್ಟು ಕೂಡಿದೆವು. ಹನ್ನೆರಡು ಅಂಗಡಿಗಳು ಐದು ವರ್ಷಗಳಲ್ಲಿ ಕಟ್ಟಿದ ಹಣವು ಒಂದು ಚರಂಡಿಗೆ ಸಾಕಾಗಿ ಮಿಗುವಷ್ಟಿತ್ತು. ಅದುವರೆಗೆ ನಾವು ಒಬ್ಬೊಬ್ಬರೇ ಹೋಗಿ ಅರ್ಜಿ ಕೊಟ್ಟು ಬರುತ್ತಿದ್ದೆವು. ಆ ದಿನ ಮೊದಲ ಸಲ ಒಟ್ಟಾಗಿ ಎಷ್ಟು ಕೊಟ್ಟಿದ್ದೇವೆಂದು ನೋಡಿದೆವು.

2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಹತ್ತು ರೂಪಾಯಿಯ ಶುಲ್ಕದೊಡನೆ ಅರ್ಜಿ ಹಾಕಿದೆವು. ಮೂವತ್ತು ದಿನಗಳೊಳಗೆ ಉತ್ತರ ಕೊಡತಕ್ಕದ್ದೆಂದು ಆ ಕಾನೂನು ಹೇಳುತ್ತದೆ. ನಮಗೆ ಎರಡು ತಿಂಗಳು ಹಿಡಿಯಿತು. ಬಂದ ಉತ್ತರವನ್ನು ಓದಿ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ನಮ್ಮ ಬೀದಿಯಲ್ಲಿ ನೂರ ಇಪ್ಪತ್ತು ಅಡಿ ಉದ್ದದ ಕಲ್ಲುಚಪ್ಪಡಿ ಹೊದಿಸಿದ ಚರಂಡಿಯು ಹಿಂದಿನ ವರ್ಷವೇ ಪೂರ್ತಿಯಾಗಿತ್ತು! ಅಳತೆಯ ಪುಸ್ತಕದಲ್ಲಿ ರುಜುಗಳೂ ಇದ್ದವು. ಎದುರಿನ ದರ್ಜಿಯವನು ತನ್ನ ಟೇಪನ್ನು ತಂದು ಅಳೆದ. ಚಪ್ಪಡಿ ಇದ್ದದ್ದು ಬೀದಿಯ ಮೇಲ್ತುದಿಯಲ್ಲಿ ನಲವತ್ತು ಅಡಿ ಮಾತ್ರ.

ಆ ಕಾಗದವನ್ನು ಹಿಡಿದು ವಾರ್ಡಿನ ಸದಸ್ಯರ ಮನೆಗೆ ಹೋದೆವು. ಅವರು ಕಾಫಿ ಕೊಡಿಸಿ, ಎಲ್ಲವನ್ನೂ ಕೇಳಿ, ಮತದಾರರ ಪಟ್ಟಿಯನ್ನು ತೆರೆದು, “ಅಣ್ಣಾ, ನೀವು ಹೇಳುವುದು ಸರಿಯಿರಬಹುದು. ಆದರೆ ಈ ಹನ್ನೆರಡು ಜನರಲ್ಲಿ ನಮ್ಮ ವಾರ್ಡಿನಲ್ಲಿ ಮತವಿರುವವರು ಯಾರು, ಕೈಯೆತ್ತಿ” ಎಂದರು. ಮೂವರ ಕೈ ಮೇಲೆದ್ದಿತು. ಮೂವರಲ್ಲಿ ಕಳೆದ ಚುನಾವಣೆಯಲ್ಲಿ ಮತ ಹಾಕಿದವನು ದರ್ಜಿಯೊಬ್ಬನೇ. ನನ್ನ ಮತವು ಇನ್ನೂ ಹುಟ್ಟೂರಿನ ಪಟ್ಟಿಯಲ್ಲಿತ್ತು. ಸದಸ್ಯರು ಹೆಚ್ಚೇನೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಚರಂಡಿಯ ಮಿಕ್ಕ ಭಾಗವು ಆ ವರ್ಷ ಆಗಲಿಲ್ಲ. ಮರುವರ್ಷ ಬೀದಿಯಲ್ಲಿ ಹೊಸದಾಗಿ ನಲವತ್ತೊಂದು ಹೆಸರುಗಳು ಪಟ್ಟಿಗೆ ಸೇರಿದ ಮೇಲೆ ಆಯಿತು. ಅದೂ ಪೂರ್ತಿಯಲ್ಲ, ನೂರು ಅಡಿ. ಉಳಿದ ಇಪ್ಪತ್ತಡಿಯನ್ನು ನಾವು ಸ್ವಂತ ಖರ್ಚಿನಿಂದ ಮುಚ್ಚಿಸಿಕೊಂಡೆವು.

ತೆರಿಗೆ ಇಲ್ಲಿ, ಮತ ಅಲ್ಲಿ

ಆ ಸಂಜೆ ನನಗೆ ಹೊಳೆದ ಸಂಗತಿಯೇ ಈ ಲೇಖನಕ್ಕೆ ಮೂಲ. ಹೊರನಾಡ ಕನ್ನಡಿಗನ ತೆರಿಗೆ ಒಂದು ಊರಿನಲ್ಲಿ, ಮತ ಇನ್ನೊಂದು ಊರಿನಲ್ಲಿ. ಕುಂದಾಪುರದ ಕಡೆಯವನು ಮತವನ್ನು ಕುಂದಾಪುರದಲ್ಲಿಟ್ಟುಕೊಂಡಿದ್ದಾನೆ. ಬೀದರಿನವನು ಬೀದರಿನಲ್ಲಿ, ರಾಯಚೂರಿನವನು ರಾಯಚೂರಿನಲ್ಲಿ. ಊರಿನ ಮೇಲಿನ ಮಮತೆಯು ಮೆಚ್ಚತಕ್ಕದ್ದೇ. ಆದರೆ ಇಪ್ಪತ್ತು ವರ್ಷ ಹೈದರಾಬಾದಿನ ನೀರು ಕುಡಿದು, ಇಲ್ಲಿನ ಬೀದಿಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸಿ, ಇಲ್ಲಿ ಕಂದಾಯ ಕಟ್ಟಿ, ಇಲ್ಲಿನ ವಾರ್ಡಿನ ಸದಸ್ಯರು ಯಾರಾಗಬೇಕೆಂಬ ಪ್ರಶ್ನೆ ಬಂದಾಗ ಮಾತ್ರ ನಾವು ಅತಿಥಿಗಳೆನ್ನುವುದು ನ್ಯಾಯವೆ?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1950ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ ಪ್ರಕಾರ ಯಾರೂ ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಇರತಕ್ಕದ್ದಲ್ಲ. ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರತಕ್ಕದ್ದಲ್ಲ. ಮನುಷ್ಯನು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ ಅಲ್ಲಿ ಅವನ ಮತ. ಒಂದು ಊರಿನಲ್ಲಿ ಮನೆಯಿದೆ ಎಂಬ ಮಾತ್ರಕ್ಕೆ ಆತನನ್ನು ಅಲ್ಲಿಯ ವಾಸಿಯೆಂದು ಎಣಿಸಲಾಗದು ಎಂದೂ ಅದೇ ಅಧಿನಿಯಮವು ಹೇಳುತ್ತದೆ. ಅಜ್ಜನ ಕಾಲದ ಮನೆಗೆ ಬೀಗ ಹಾಕಿ, ವರ್ಷಕ್ಕೊಮ್ಮೆ ನಾಗರಪಂಚಮಿಗೆ ಹೋಗಿ ಬರುವವರು ಈ ಮಾತನ್ನು ಗಮನಿಸಬೇಕು. ವಾರ್ಡಿನ ಪಟ್ಟಿಯು ವಿಧಾನಸಭೆಯ ಪಟ್ಟಿಯಿಂದಲೇ ಸಿದ್ಧವಾಗುವುದರಿಂದ ಅಲ್ಲಿ ಹೆಸರಿಲ್ಲದವನು ಇಲ್ಲಿಯೂ ಇರುವುದಿಲ್ಲ.

ಹೆಸರಿರುವವರಾದರೂ ಬರುತ್ತಾರೆಯೆ ಎಂದರೆ, ಅಂಕಿಗಳು ತಲೆತಗ್ಗಿಸುವಂತಿವೆ. ಬೃಹತ್ ಹೈದರಾಬಾದು ಮಹಾನಗರಪಾಲಿಕೆಗೆ 2009ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ನೂರಕ್ಕೆ ಸುಮಾರು 42 ಮಂದಿ ಮತ ಹಾಕಿದರು. 2016ರಲ್ಲಿ 45. 2020ರ ಡಿಸೆಂಬರ್ 1ರಂದು 46ಕ್ಕೆ ಸ್ವಲ್ಪ ಮಿಕ್ಕಿತು. ಆ ವರ್ಷ ಪಟ್ಟಿಯಲ್ಲಿದ್ದ ಸುಮಾರು 74 ಲಕ್ಷ ಮತದಾರರಲ್ಲಿ ಮತಗಟ್ಟೆಗೆ ಬಂದವರು 35 ಲಕ್ಷಕ್ಕೂ ಕಡಿಮೆ. ಅದೇ ಚುನಾವಣೆಯಲ್ಲಿ ನೇರೇಡ್‌ಮೆಟ್ ವಾರ್ಡಿನ ಫಲಿತಾಂಶವು ಐನೂರು ಚಿಲ್ಲರೆ ಮತಪತ್ರಗಳ ಮೇಲಿನ ಮುದ್ರೆಯ ವಿವಾದದಿಂದಾಗಿ ನಿಂತುಹೋಗಿ, ವಿಷಯವು ಉಚ್ಚನ್ಯಾಯಾಲಯಕ್ಕೆ ಹೋಗಿ, ಡಿಸೆಂಬರ್ 9ರಂದು ಪ್ರಕಟವಾಯಿತು. ಐನೂರು ಮತವೆಂದರೆ ಎಷ್ಟು? ನಮ್ಮ ಒಂದು ರಾಜ್ಯೋತ್ಸವ ಸಮಾರಂಭದಲ್ಲಿ ಊಟಕ್ಕೆ ಕುಳಿತುಕೊಳ್ಳುವಷ್ಟು ಜನ!

ಕೇಳಲು ಆಳಿಲ್ಲದ ವರ್ಷಗಳು

ಈ ಮತದ ಬೆಲೆಯನ್ನು ತಿಳಿಯಬೇಕಾದರೆ ಈ ನಗರದ ಹಿಂದಿನ ಕಥೆಯನ್ನು ಸ್ವಲ್ಪ ನೋಡಬೇಕು. 1869ರಲ್ಲಿ ಮೊದಲನೆಯ ಸಾಲಾರ್‌ಜಂಗರ ಕಾಲದಲ್ಲಿ ಹೈದರಾಬಾದಿಗೆ ಪೌರಾಡಳಿತದ ಇಲಾಖೆ ಬಂದಿತು. 1933ರಲ್ಲಿ ಚಾದರಘಾಟಿನ ಪ್ರತ್ಯೇಕ ಪುರಸಭೆಯನ್ನು ಕೂಡಿಸಿಕೊಂಡು ಕಾರ್ಪೊರೇಷನ್ ಆಯಿತು. ಮರುವರ್ಷ ಚುನಾವಣೆಗಳೂ ನಡೆದವು. 1960ರಲ್ಲಿ ಹೈದರಾಬಾದು, ಸಿಕಂದರಾಬಾದುಗಳ ಪೌರಸಂಸ್ಥೆಗಳು ಒಂದಾದವು. 2007ರಲ್ಲಿ ಸುತ್ತಲಿನ 12 ಪುರಸಭೆಗಳೂ 8 ಗ್ರಾಮಪಂಚಾಯಿತಿಗಳೂ ಸೇರಿ ಬೃಹತ್ ಮಹಾನಗರವಾಯಿತು.

ನಡುವೆ ಚುನಾಯಿತ ಸಭೆಯೇ ಇಲ್ಲದ ದೀರ್ಘಕಾಲಗಳು ಬಂದುಹೋದವು. 1991ರಲ್ಲಿ ಸಭೆಯ ಅವಧಿ ಮುಗಿದ ಮೇಲೆ 2002ರವರೆಗೆ ನಗರವನ್ನು ನಡೆಸಿದವರು ಅಧಿಕಾರಿಗಳೇ. ಆ ನಡುವೆ, 1993ರ ಜೂನ್ 1ರಿಂದ ಸಂವಿಧಾನದ 74ನೆಯ ತಿದ್ದುಪಡಿಯು ಜಾರಿಗೆ ಬಂದು, ಪೌರಸಂಸ್ಥೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ನಡೆಯತಕ್ಕದ್ದೆಂದು ವಿಧಿಸಿತ್ತು. ಅಷ್ಟೂ ವರ್ಷ ಮನೆಕಂದಾಯ ಮಾತ್ರ ನಿಲ್ಲಲಿಲ್ಲ. ಹಣ ಈಸಿಕೊಳ್ಳುವ ಕೈ ಇತ್ತು, ಉತ್ತರ ಹೇಳುವ ಬಾಯಿ ಇರಲಿಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಿರಿ. 1882ರಲ್ಲಿ ರಿಪ್ಪನ್ ಪ್ರಭುವು ಸ್ಥಳೀಯ ಸ್ವಯಮಾಡಳಿತದ ಠರಾವನ್ನು ಹೊರಡಿಸಿದ ಮೇಲೆ ಬ್ರಿಟಿಷ್ ಇಂಡಿಯದ ಪುರಸಭೆಗಳಲ್ಲಿ ಮತವಿದ್ದದ್ದು ಬಹುಮಟ್ಟಿಗೆ ತೆರಿಗೆ ಕೊಡುವವರಿಗೆ, ಆಸ್ತಿವಂತರಿಗೆ. ಬಡವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಆ ಗೋಡೆಯನ್ನು ಕೆಡವಿ ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟಿತು. ಹೊಸದಾಗಿ ಮತ ಪಡೆದ ಬಡವನು ಸಾಲಿನಲ್ಲಿ ಬಂದು ನಿಂತ. ಹಳೆಯ ಮತದಾರನಾದ ಆಸ್ತಿವಂತನು ಮತದಾನದ ರಜೆಯಲ್ಲಿ ಊರಿಗೆ ಹೋದ.

ಚುನಾವಣೆಯ ಮುಂಚಿನ ದಾನ

ಮತ ಹಾಕದ, ಲೆಕ್ಕ ಕೇಳದ ತೆರಿಗೆದಾರನನ್ನು ಆಳುವವರು ಹೇಗೆ ಸಮಾಧಾನಪಡಿಸುತ್ತಾರೆಂಬುದಕ್ಕೆ ಎರಡು ನಿದರ್ಶನಗಳಿವೆ. 2016ರ ಫೆಬ್ರವರಿ 2ರಂದು ನಗರದ ಚುನಾವಣೆ. ಅದಕ್ಕೆ ಮುನ್ನ, ವರ್ಷಕ್ಕೆ 1,200 ರೂಪಾಯಿಯವರೆಗೆ ತೆರಿಗೆಯಿದ್ದ ವಾಸದ ಮನೆಗಳಿಗೆ 101 ರೂಪಾಯಿ ಕೊಟ್ಟರೆ ಸಾಕೆಂದು ಸರ್ಕಾರ ತೀರ್ಮಾನಿಸಿತು. 2020ರ ಡಿಸೆಂಬರ್ 1ರಂದು ಮತ್ತೆ ಚುನಾವಣೆ. ಆ ನವೆಂಬರ್ 14ರ ದೀಪಾವಳಿಯ ದಿನ, ನಗರದಲ್ಲಿ 15,000 ರೂಪಾಯಿಯವರೆಗೆ ತೆರಿಗೆ ಕೊಡುವ ಮನೆಗಳಿಗೆ ಆ ವರ್ಷದ ಮಟ್ಟಿಗೆ ಅರ್ಧ ಮಾಫಿಯೆಂಬ ಘೋಷಣೆ ಹೊರಟಿತು.

ಬಡವನ ಮನೆಗೆ ರಿಯಾಯಿತಿ ಕೊಟ್ಟದ್ದನ್ನು ನಾವು ದೂಷಿಸುವುದಿಲ್ಲ. 2020 ಕೊರೋನಾ ವರ್ಷ. ಅಕ್ಟೋಬರಿನಲ್ಲಿ ಬಿದ್ದ ಮಳೆಗೆ ನಗರದ ತಗ್ಗು ಭಾಗಗಳು ಮುಳುಗಿ ಜನರು ಬಹಳ ಕಷ್ಟಪಟ್ಟಿದ್ದರು. ನಮ್ಮ ಪ್ರಶ್ನೆ ಬೇರೆ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವನಿಗೆ ಬೇಕಾಗಿದ್ದದ್ದು ತೆರಿಗೆಯಲ್ಲಿ ಕಡಿತವೋ, ಅಥವಾ ಅವನು ಅದುವರೆಗೆ ಕೊಟ್ಟ ತೆರಿಗೆಯಿಂದ ಒಂದು ಸರಿಯಾದ ಮಳೆನೀರಿನ ಕಾಲುವೆಯೋ? ಈ ನಗರವು ನೀರಿನ ಪಾಠವನ್ನು ಹಿಂದೆಯೇ ಕಲಿತಿತ್ತು. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದ ನಂತರ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿ, ಪ್ರವಾಹವನ್ನು ತಡೆಯುವ ಯೋಜನೆಯನ್ನೂ ಒಳಚರಂಡಿಯ ಯೋಜನೆಯನ್ನೂ ಮಾಡಿಸಿಕೊಂಡಿತ್ತು. ಆ ಕನ್ನಡಿಗರು ನಾಲೆ, ಚರಂಡಿಗಳ ಲೆಕ್ಕವನ್ನು ಇಂಚಿಂಚು ಹಾಕಿದ ಊರಿನಲ್ಲಿ ನಾವು ನಮ್ಮ ಬೀದಿಯ ಚರಂಡಿಯ ಅಳತೆಯನ್ನು ಕೇಳಲು ಸಂಕೋಚಪಡುತ್ತೇವೆ.

ಕರನಿರಾಕರಣೆಯಲ್ಲ, ಕರವಿಚಾರಣೆ

ಕನ್ನಡನಾಡಿಗೆ ಕರದ ಹೋರಾಟ ಹೊಸದಲ್ಲ. 1830-31ರಲ್ಲಿ ನಗರ ಪ್ರಾಂತದ ರೈತರು ಕಂದಾಯದ ಹಿಂಸೆಯನ್ನು ತಾಳಲಾರದೆ ಎದ್ದು ನಿಂತರು. ಅದರ ಪರಿಣಾಮವಾಗಿ ಮೈಸೂರಿನ ಆಡಳಿತವೇ ಬ್ರಿಟಿಷರ ಕೈಗೆ ಹೋಯಿತು. 1930ರಿಂದ 32ರವರೆಗೆ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ, ಜಮೀನುಗಳ ಜಪ್ತಿಯನ್ನು ಸಹಿಸಿದರು. ಅಂದು ಕರ ಕೊಡೆವೆನ್ನುವುದು ಧರ್ಮವಾಗಿತ್ತು, ಏಕೆಂದರೆ ಸರ್ಕಾರ ನಮ್ಮದಾಗಿರಲಿಲ್ಲ. ಇಂದು ಸರ್ಕಾರ ನಮ್ಮದು. ಕರವನ್ನು ಕೊಟ್ಟು ಲೆಕ್ಕ ಕೇಳುವುದು ಇಂದಿನ ಧರ್ಮ. ಇದನ್ನು ಕರವಿಚಾರಣೆ ಎನ್ನಬಹುದು.

ಈ ಕರವಿಚಾರಣೆಯನ್ನು ಕ್ರಮಬದ್ಧವಾಗಿ ನಡೆಸಿ ತೋರಿಸಿದ ಊರು ಬೆಂಗಳೂರು. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ಪೌರಸೇವೆಗಳ ಬಗ್ಗೆ ಜನರನ್ನೇ ವಿಚಾರಿಸಿ, ಶಾಲೆಯ ಮಕ್ಕಳಿಗೆ ಕೊಡುವಂತೆ, ಸರ್ಕಾರಿ ಸಂಸ್ಥೆಗಳಿಗೆ ಅಂಕಪಟ್ಟಿಯನ್ನು ಕೊಟ್ಟರು. 2000ದಲ್ಲಿ ಅಲ್ಲಿಯೂ ತೆರಿಗೆಯ ಸ್ವಯಂಘೋಷಣೆಯ ಪದ್ಧತಿ ಬಂದಿತು. 2001ರ ಕೊನೆಯಲ್ಲಿ ರಮೇಶ್ ಮತ್ತು ಸ್ವಾತಿ ರಾಮನಾಥನ್ ದಂಪತಿಗಳು ಪ್ರಾರಂಭಿಸಿದ ಜನಾಗ್ರಹ ಸಂಸ್ಥೆಯು ವಾರ್ಡಿನ ಕಾಮಗಾರಿಗಳನ್ನು ಅಲ್ಲಿನ ನಿವಾಸಿಗಳೇ ಕುಳಿತು ಗೊತ್ತುಮಾಡುವ ಚಳವಳಿಯನ್ನು ನಡೆಸಿತು. 2002ರಲ್ಲಿ ಈ ಸಂಸ್ಥೆ, ಪಬ್ಲಿಕ್ ಅಫೇರ್ಸ್ ಸೆಂಟರ್, ಅಕ್ಷರ ಫೌಂಡೇಷನ್, ವಾಯ್ಸಸ್ ಎಂಬ ನಾಲ್ಕು ಸಂಸ್ಥೆಗಳು ಕೂಡಿ “ಪ್ರೂಫ್” ಎಂಬ ಆಂದೋಲನವನ್ನು ಹೂಡಿ, ಮಹಾನಗರಪಾಲಿಕೆಯ ಆದಾಯವೆಷ್ಟು, ವೆಚ್ಚವೆಷ್ಟು ಎಂಬ ತಃಖ್ತೆಯನ್ನು ಮೂರು ತಿಂಗಳಿಗೊಮ್ಮೆ ಬಹಿರಂಗಸಭೆಯಲ್ಲಿ ಚರ್ಚಿಸುವ ಪದ್ಧತಿಯನ್ನು ತಂದವು. ಗೃಹಿಣಿಯರು, ನಿವೃತ್ತ ನೌಕರರು, ಸಣ್ಣ ವ್ಯಾಪಾರಿಗಳು ಜಮಾಖರ್ಚಿನ ಕಾಗದವನ್ನು ಓದಲು ಕಲಿತರು.

ಆದರೆ ಬೆಂಗಳೂರೇ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 2015ರಲ್ಲಿ ಚುನಾಯಿತವಾದ ಅಲ್ಲಿಯ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮತ್ತೆ ಐದು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಒಂದು ಚುನಾವಣೆ ನಡೆಯಲಿಲ್ಲ. ಲೆಕ್ಕ ಓದಲು ಕಲಿತ ಜನರಿಗೆ ಲೆಕ್ಕ ಒಪ್ಪಿಸುವ ಸಭೆಯೇ ಇಲ್ಲವಾಯಿತು. ಲೆಕ್ಕವಿಲ್ಲದ ಮತವು ಕುರುಡು. ಮತವಿಲ್ಲದ ಲೆಕ್ಕವು ಕುಂಟು. ಎರಡೂ ಜೊತೆಯಾದರೆ ಮಾತ್ರ ದಾರಿ ಸಾಗೀತು.

ನಮ್ಮ ಹೈದರಾಬಾದಿನಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ. ಐ.ಎ.ಎಸ್. ಹುದ್ದೆಯನ್ನು ಬಿಟ್ಟು ಬಂದ ಡಾ. ಜಯಪ್ರಕಾಶ ನಾರಾಯಣರು 1996ರಲ್ಲಿ ಲೋಕಸತ್ತಾ ಚಳವಳಿಯನ್ನು ಇಲ್ಲಿಂದಲೇ ಪ್ರಾರಂಭಿಸಿ, ಮತದಾರರ ಪಟ್ಟಿ, ಅಭ್ಯರ್ಥಿಗಳ ಪೂರ್ವಚರಿತ್ರೆ, ಸ್ಥಳೀಯ ಸಂಸ್ಥೆಗಳ ಅಧಿಕಾರ ಎಂಬ ವಿಷಯಗಳನ್ನು ಬೀದಿಬೀದಿಗೆ ಒಯ್ದರು. 2009ರಲ್ಲಿ ಕೂಕಟ್‌ಪಲ್ಲಿ ಕ್ಷೇತ್ರದಿಂದ ಅವರು ವಿಧಾನಸಭೆಗೂ ಆರಿಸಿ ಬಂದರು. ಕೂಕಟ್‌ಪಲ್ಲಿಯಲ್ಲಿ ನೆಲೆಸಿದವರಲ್ಲಿ ಹೊರಗಿನಿಂದ ಬಂದವರೇ ಬಹಳ. ವಲಸೆ ಬಂದವನೂ ಮನಸ್ಸು ಮಾಡಿದರೆ ಊರಿನ ರಾಜಕೀಯದಲ್ಲಿ ತೂಕವಾಗಬಲ್ಲನೆಂಬುದಕ್ಕೆ ಅದೊಂದು ಸಾಕ್ಷಿ.

ಒಂದು ಎಚ್ಚರಿಕೆಯ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸೇರಿಸದಿದ್ದರೆ ಅಪಚಾರವಾದೀತು. ತೆರಿಗೆದಾರನೆಂದರೆ ಸ್ವಂತ ಮನೆಯುಳ್ಳವನು ಮಾತ್ರವಲ್ಲ. ಬಾಡಿಗೆಯವನು ಕೊಡುವ ಬಾಡಿಗೆಯಲ್ಲಿ ಮನೆಯ ಕಂದಾಯವೂ ಅಡಗಿದೆ. ಹೋಟೆಲಿನ ಅಟ್ಟದ ಮೇಲೆ ಮಲಗುವ ಮಾಣಿಯು ಒಂದು ಸಾಬೂನು ಕೊಂಡರೂ ಅದರಲ್ಲಿ ತೆರಿಗೆಯಿದೆ. “ನಾವು ತೆರಿಗೆ ಕೊಡುವವರು, ಆ ಗುಡಿಸಲಿನವರು ಕೊಡದವರು” ಎಂದು ಹೇಳಿ, ನಮ್ಮ ಬಡಾವಣೆಯ ರಸ್ತೆಗೆ ಎರಡು ಸಲ ಡಾಂಬರು ಹಾಕಿಸಿಕೊಂಡು, ಪಕ್ಕದ ಬಸ್ತಿಗೆ ನಲ್ಲಿಯೂ ಬಾರದಂತೆ ನೋಡಿಕೊಳ್ಳುವುದು ಕರವಿಚಾರಣೆಯಲ್ಲ, ಸ್ವಾರ್ಥ. ನನ್ನ ಕಥೆಯಲ್ಲಿ ಚರಂಡಿಗಾಗಿ ಮತ ಹಾಕಿದ್ದವನು ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಕಡಿಮೆ ಕಂದಾಯ ಕೊಡುವ ದರ್ಜಿ. ಆತನ ಮತದ ನೆರಳಿನಲ್ಲಿ ನಾವು ಹನ್ನೊಂದು ಮಂದಿ ನಿಂತಿದ್ದೆವು.

ಮಾಡತಕ್ಕದ್ದೇನು?

ವಾಚಕ ಬಾಂಧವರಲ್ಲಿ ನಾಲ್ಕು ಬಿನ್ನಹಗಳಿವೆ.

ಮೊದಲನೆಯದು, ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದನ್ನು ನೋಡಿಕೊಳ್ಳಿರಿ. ವಾಸ ಬದಲಾಯಿಸಿದವರು 8ನೆಯ ನಮೂನೆಯಲ್ಲಿ ಅರ್ಜಿ ಹಾಕಿದರೆ ಹೆಸರು ಹಳೆಯ ಊರಿನಿಂದ ಹೊಸ ಊರಿಗೆ ವರ್ಗವಾಗುತ್ತದೆ. ಹದಿನೆಂಟು ತುಂಬಿದ ಮಕ್ಕಳಿಗೆ 6ನೆಯ ನಮೂನೆ. ಮೊದಲು ಜನವರಿ 1ಕ್ಕೆ ಹದಿನೆಂಟಾಗಿರಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರುಗಳ ಮೊದಲ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. 2025ರ ಕೊನೆಯಲ್ಲಿ ಸುತ್ತಲಿನ 27 ಪೌರಸಂಸ್ಥೆಗಳನ್ನು ಮಹಾನಗರದೊಳಕ್ಕೆ ಸೇರಿಸಿದ ಮೇಲೆ ವಾರ್ಡುಗಳ ಗಡಿಗಳೂ ಹಿಂದಿನಂತಿಲ್ಲ. 2020ರಲ್ಲಿ ಮತ ಹಾಕಿದ ವಾರ್ಡೇ ಈಗಲೂ ತಮ್ಮದೆಂದು ಯಾರೂ ನಂಬಿ ಕೂರಬಾರದು.

ಎರಡನೆಯದು, ಕಂದಾಯದ ಕಾಗದವನ್ನು ಓದಿರಿ. ವಿಸ್ತೀರ್ಣ, ದರ, ಬಾಕಿಯ ಮೇಲಿನ ಬಡ್ಡಿ, ಎಲ್ಲವನ್ನೂ ಗಿರಾಕಿಯು ಹೋಟೆಲಿನ ಬಿಲ್ಲನ್ನು ನೋಡುವಂತೆ ನೋಡಿರಿ. ಮನೆಯ ಮಕ್ಕಳಿಂದಲೇ ಲೆಕ್ಕ ಹಾಕಿಸಿರಿ. ತಪ್ಪಿದ್ದರೆ ತಿದ್ದಿಸಿಕೊಳ್ಳಿರಿ, ಕಡಿಮೆ ಬಿದ್ದಿದ್ದರೆ ಕೊಟ್ಟುಬಿಡಿರಿ. ಲೆಕ್ಕ ಕೇಳುವವನ ಲೆಕ್ಕ ಶುದ್ಧವಾಗಿರಬೇಕು.

ಮೂರನೆಯದು, ಒಬ್ಬರೇ ಹೋಗಬೇಡಿರಿ. ಒಂದು ಬೀದಿಯ ಹತ್ತು ಮನೆಗಳು ಸೇರಿ ವಾರ್ಡಿನಲ್ಲಿ ಆ ವರ್ಷ ಮಂಜೂರಾದ ಕೆಲಸಗಳ ಪಟ್ಟಿಯನ್ನು ಕೇಳಿರಿ. ಮಾಹಿತಿ ಹಕ್ಕಿನಲ್ಲಿ ಕಾಗದವನ್ನು ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವುದನ್ನೂ ಸಾಮಗ್ರಿಯ ಮಾದರಿಯನ್ನು ಪಡೆಯುವುದನ್ನೂ ಕಾನೂನು ಒಪ್ಪುತ್ತದೆ. ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರತಕ್ಕದ್ದೆಂದು ಸಂವಿಧಾನವೇ ಹೇಳಿದೆ. ಆ ಸಮಿತಿ ಎಲ್ಲಿ, ಅದರಲ್ಲಿ ಯಾರಿದ್ದಾರೆ, ಕಳೆದ ಸಲ ಎಂದು ಸೇರಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೂ ಸಾಕು, ಅರ್ಧ ಕೆಲಸ ಆದಂತೆ.

ನಾಲ್ಕನೆಯದು, ಹಿಂದೆ ಹೇಳಿದ ಗ್ರಂಥಾಲಯದ ಕರ. ಹೈದರಾಬಾದಿನಲ್ಲಿ 1955ರಲ್ಲಿಯೇ ಗ್ರಂಥಾಲಯಗಳ ಕಾನೂನು ಬಂದಿತು. ಕಂದಾಯದ ರೂಪಾಯಿಗೆ ಎಂಟು ಪೈಸೆಯಂತೆ ನಾವು ಕೊಡುವ ಈ ಕರವು ಸಾರ್ವಜನಿಕ ಗ್ರಂಥಾಲಯಗಳಿಗೆ ಸೇರತಕ್ಕದ್ದು. ನಮ್ಮ ಉದಾಹರಣೆಯ ಮನೆಯವನು ವರ್ಷಕ್ಕೆ 207 ರೂಪಾಯಿಯನ್ನು ಪುಸ್ತಕಗಳಿಗಾಗಿ ಕೊಟ್ಟಿದ್ದಾನೆ. ಹಾಗಾದರೆ ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯಕ್ಕೋ ತನ್ನ ಬಡಾವಣೆಯ ಗ್ರಂಥಾಲಯಕ್ಕೋ ಹೋಗಿ, “ಇಲ್ಲಿ ಕನ್ನಡದ ಪುಸ್ತಕಗಳು ಎಷ್ಟಿವೆ? ಕನ್ನಡದ ಪತ್ರಿಕೆ ಬರುತ್ತದೆಯೆ? ಇಲ್ಲವಾದರೆ ತರಿಸಿರಿ” ಎಂದು ವಿನಯದಿಂದ ಕೇಳುವ ಅಧಿಕಾರ ಅವನಿಗಿದೆ. ಕನ್ನಡಕ್ಕಾಗಿ ಸಭೆಗಳಲ್ಲಿ ಕಣ್ಣೀರಿಡುವವರು ತಾವು ಕೊಟ್ಟ ಹಣದ ಮೇಲಿನ ಈ ಚಿಕ್ಕ ಹಕ್ಕನ್ನು ಮೊದಲು ಚಲಾಯಿಸಿ ನೋಡಲಿ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ನಮ್ಮ ಸಂಸ್ಥೆಗಳು ನಾಟಕ, ಉಪನ್ಯಾಸ, ರಾಜ್ಯೋತ್ಸವಗಳ ಜೊತೆಗೆ ವರ್ಷಕ್ಕೊಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಬಹುದಲ್ಲವೆ? ಒಂದು ಮೇಜಿನ ಬಳಿ ಮತದಾರರ ಪಟ್ಟಿ, ಇನ್ನೊಂದು ಮೇಜಿನ ಬಳಿ ಕಂದಾಯದ ಲೆಕ್ಕ ಹಾಕಿಕೊಡುವ ನಾಲ್ಕು ಜನ ಯುವಕರು. ಕಾಫಿ ಉಪ್ಪಿಟ್ಟಿನ ವ್ಯವಸ್ಥೆಗೆ ಹೋಟೆಲಿನವರು ನಾವಿದ್ದೇವೆ.

ಆ ಚರಂಡಿಯ ಬೀದಿಯಿಂದ ಹೊರಟು ಬಂದಾಗ ದರ್ಜಿಯವನು ತನ್ನ ಹಳೆಯ ಟೇಪನ್ನು ನನಗೆ ಕೊಟ್ಟ. ಅದು ಈಗ ನನ್ನ ಪತ್ರಿಕಾ ಕಚೇರಿಯ ಮೇಜಿನ ಖಾನೆಯಲ್ಲಿದೆ. ಅಂದು ಟೈಫಾಯಿಡಿನಿಂದ ಎದ್ದ ಹುಡುಗನು ಇಂದು ಈ ನಗರದಲ್ಲಿಯೇ ಸ್ವಂತ ಹೋಟೆಲನ್ನಿಟ್ಟಿದ್ದಾನೆ. ಕಳೆದ ತಿಂಗಳು ಕಚೇರಿಗೆ ಬಂದು, ನನ್ನೆದುರು ತನ್ನ ಹೊಸ ಮತದಾರರ ಚೀಟಿಯನ್ನಿಟ್ಟು, “ಅಣ್ಣಯ್ಯ, ನನ್ನ ಹೆಸರು ಇಲ್ಲಿಗೆ ಬಂತು” ಎಂದ. ನಾನು ಖಾನೆಯಿಂದ ಟೇಪನ್ನು ತೆಗೆದು ಅವನ ಕೈಗೆ ಕೊಟ್ಟು, ಅವನ ಹೋಟೆಲಿನ ಮುಂದಿನ ಚರಂಡಿ ಎಷ್ಟು ಉದ್ದವಿದೆ, ಅಳೆದುಕೊಂಡು ಬಾ ಎಂದೆ.